ಮೂರನೆಯ ಬಂಗುಡೆ ಕೊಳೆಯಲಿಲ್ಲ

"ಮೇಷ್ಟ್ರೇ, ಇದು ಒಣಮೀನು ತಾನೇ?" ಎಂದು ಶಿಕ್ಷಕರ ಕೊಠಡಿಯಲ್ಲಿ ನಕ್ಕವರಿಗೆ ಈಗ ಡಬ್ಬಿ ತೆರೆದು ತೋರಿಸುತ್ತೇನೆ. ಒಳಗಿರುವುದು ಹಳೆಯ ಈಜಿಪ್ಟಿನವರು ಹೆಣಗಳನ್ನು ಮಮ್ಮಿ ಮಾಡಿದ ರೀತಿಯಲ್ಲೇ ನಾನೂ ಶಾಲೆಯ ಮಕ್ಕಳೂ ಒಣಗಿಸಿ ಕಾಪಾಡಿದ ಬಂಗುಡೆ ಮೀನು. ಹದಿನಾಲ್ಕು ತಿಂಗಳಾಯಿತು, ನಾತವಿಲ್ಲ.

ಮೊದಲನೆಯದು ಐದನೇ ದಿನಕ್ಕೇ ನಾರಿತು. ಕರುಳು ತೆಗೆಸಿದ್ದೆ, ಹೊಟ್ಟೆಯೊಳಗೆ ಏನನ್ನೂ ತುಂಬಿರಲಿಲ್ಲ. ಈಜಿಪ್ಟಿನವರು ಎಡಪಕ್ಕೆ ಸೀಳಿ ಅಂಗಗಳನ್ನು ತೆಗೆದ ಮೇಲೆ ನೇಟ್ರಾನ್ ಎಂಬ ನೈಸರ್ಗಿಕ ಸೋಡಾ-ಉಪ್ಪಿನ ಗಂಟುಗಳನ್ನು ಒಳಗೂ ಇಡುತ್ತಿದ್ದರು. ಎರಡನೆಯದು ಜುಲೈ ಮಳೆಯಲ್ಲಿ ಕೆಟ್ಟಿತು. ಅಂಗಡಿಯ ಒಗೆಯುವ ಸೋಡಾದ ಹರಳಿನಲ್ಲೇ ನೀರಿರುತ್ತದೆ ಎಂಬುದನ್ನು ರಸಾಯನಶಾಸ್ತ್ರ ಕಲಿಸುವ ನಾನೇ ಮರೆತಿದ್ದೆ! ಸುಮಾರು ಮುನ್ನೂರೈವತ್ತು ರೂಪಾಯಿ ಚರಂಡಿಗೆ ಹೋಯಿತು.

ಮೂರನೆಯ ಸಲ ಅಡುಗೆ ಸೋಡಾವನ್ನೇ ಬಾಣಲೆಯಲ್ಲಿ ಚೆನ್ನಾಗಿ ಹುರಿದೆ; ಹುರಿದರೆ ಅದು ನೀರಿಲ್ಲದ ಒಗೆಯುವ ಸೋಡಾ ಆಗುತ್ತದೆ. ಅರ್ಧ ಭಾಗ ಹುರಿದದ್ದು, ಉಳಿದರ್ಧ ಹುರಿಯದ ಸೋಡಾ ಮತ್ತು ಉಪ್ಪು. ಈಜಿಪ್ಟಿನ ವಾದಿ ನಟ್ರೂನ್ ಸರೋವರಗಳ ನೇಟ್ರಾನ್ ಕೂಡ ಮುಖ್ಯವಾಗಿ ಇವುಗಳದ್ದೇ ಬೆರಕೆ. ನಿಖರ ಅಳತೆ ನನ್ನ ಬಳಿಯೇ ಇರಲಿ. ಮಕ್ಕಳು ಕೈಗವಸು ತೊಟ್ಟೇ ತುಂಬಿದರು. ಈ ಪುಡಿ ಚರ್ಮವನ್ನು ಸುಡುತ್ತದೆ. ವಾರಕ್ಕೊಮ್ಮೆ ಒದ್ದೆಯಾದ ಪುಡಿ ಬದಲಿಸಿ, ನಲವತ್ತು ದಿನ ಬಿಟ್ಟೆವು. ಇನ್ನೂರು ಗ್ರಾಂ ಮೀನು ಎಪ್ಪತ್ತರ ಆಸುಪಾಸಿಗೆ ಇಳಿಯಿತು. ಒಟ್ಟು ಖರ್ಚು ಒಂಬೈನೂರು ದಾಟಿತು. ಮನೆಯಲ್ಲಿ ಕೇಳಿದಾಗ, 1994ರಲ್ಲಿ ಮಮ್ಮಿ ಸಂಶೋಧಕ ಬಾಬ್ ಬ್ರೈಯರ್ ಅಮೆರಿಕದಲ್ಲಿ ಮಮ್ಮಿ ಮಾಡಲು ಒಂದು ಮಾನವ ದೇಹಕ್ಕೇ ಇನ್ನೂರೈವತ್ತು ಕಿಲೊಗೂ ಹೆಚ್ಚು ನೇಟ್ರಾನ್ ಸುರಿದಿದ್ದರು ಎಂದೆ. ಸಮಾಧಾನವೇನೂ ಆಗಲಿಲ್ಲ.

ಪಕ್ಕದಲ್ಲೇ ಬರೀ ಉಪ್ಪಿನಲ್ಲಿ ಇನ್ನೊಂದು ಬಂಗುಡೆ, ಮೀನು ಮುಟ್ಟದ ಮನೆಯ ಮಕ್ಕಳಿಗಾಗಿ ಸೇಬಿನ ಹೋಳುಗಳು. ಸೇಬು ಹತ್ತೇ ದಿನದಲ್ಲಿ ಒಣಗಿತು. ಉಪ್ಪಿನ ಮೀನು ಮಳೆ ಬಂದಾಗಲೆಲ್ಲ ಬೆವರಿತು, ಎಣ್ಣೆ ಜಿಡ್ಡೂ ಹೋಗಲಿಲ್ಲ. ಸೋಡಾ ಜಿಡ್ಡನ್ನೂ ಕತ್ತರಿಸುತ್ತದೆ, ಒಣಮೀನಿಗೂ ಇದಕ್ಕೂ ವ್ಯತ್ಯಾಸ ಅಲ್ಲೇ. ಮೀನಿನ ಮಮ್ಮಿ ನನ್ನ ತಲೆಹರಟೆಯೂ ಅಲ್ಲ: ಪ್ರಾಚೀನ ಈಜಿಪ್ಟಿನ ಎಸ್ನಾ ಊರಿನಲ್ಲಿ ನೈಲ್ ಪರ್ಚ್ ಮೀನುಗಳನ್ನು ಮಮ್ಮಿ ಮಾಡಿ ಹೂಳುತ್ತಿದ್ದರು.

ಆರನೇ ತರಗತಿಯ ಹುಡುಗಿಯೊಬ್ಬಳು ತಕರಾರು ತೆಗೆದಳು: "ಹೃದಯವನ್ನು ದೇಹದಲ್ಲೇ ಬಿಡುತ್ತಿದ್ದರು ಎಂದಿರಿ, ನಮ್ಮ ಮೀನಿನದು ಎಲ್ಲಿ ಸರ್?" ಮೀನು ಮಾರುವವರು ಕಿವಿರಿನ ಜೊತೆ ಕಿತ್ತು ಎಸೆದಿದ್ದರು. ಮರುದಿನ ಕೇಳಿ ತಂದೆ, ಬೇರೊಂದು ಬಂಗುಡೆಯದು. ಪ್ರತ್ಯೇಕವಾಗಿ ಒಣಗಿಸಿ, ನನ್ನ ಹಳೆಯ ಪಂಚೆಯ ಪಟ್ಟಿ ಸುತ್ತುವ ಮೊದಲು ಅವಳೇ ಒಳಗಿಟ್ಟಳು.