ನಿಮ್ಮ ವಿಧಾನಸಭಾ ಕ್ಷೇತ್ರದ ಇತಿಹಾಸ ಬರೆಯೋದು ಹೇಗೆ? ಮೊದಲು ಗಡಿ ನೋಡಿ, ಆಮೇಲೆ ಶಾಸಕರು

ಕ್ಷೇತ್ರದ ಇತಿಹಾಸ ಅಂದ ಕೂಡಲೇ ಹೆಚ್ಚಿನವರು 1952ರಿಂದ ಈವರೆಗೆ ಗೆದ್ದವರ ಹೆಸರನ್ನು ಸಾಲಾಗಿ ಬರೆದು ಮುಗಿಸುತ್ತಾರೆ. ಆ ಪಟ್ಟಿ ಬೇಕೇ ಬೇಕು. ಆದರೆ ಕ್ಷೇತ್ರದ ಹೆಸರು ಅದೇ ಇದ್ದರೂ ಒಳಗಿನ ಹಳ್ಳಿಗಳು ಬದಲಾಗಿರುತ್ತವೆ, ಒಂದು ಹೋಬಳಿ ಪಕ್ಕದ ಕ್ಷೇತ್ರಕ್ಕೆ ಹೋಗಿರುತ್ತದೆ, ಎಷ್ಟೋ ಸಲ ಕ್ಷೇತ್ರವೇ ಮಾಯವಾಗಿರುತ್ತದೆ. ಅದಕ್ಕೇ ನಿಮ್ಮ ಊರಿನ ಹೆಸರು ಹಿಡಿದು ಹೊರಡಿ. ನಿಮ್ಮ ಊರಿನವರು ಯಾವ ಚುನಾವಣೆಯಲ್ಲಿ ಯಾವ ಕ್ಷೇತ್ರಕ್ಕೆ ವೋಟು ಹಾಕಿದರು ಅನ್ನೋದು ಮೊದಲ ಪ್ರಶ್ನೆ.

ಇದಕ್ಕೆ ಬೇಕಾದ ಕಾಗದ ಕ್ಷೇತ್ರ ಪುನರ್ವಿಂಗಡಣೆ ಆದೇಶ. ಯಾವ ತಾಲ್ಲೂಕು, ಯಾವ ಹೋಬಳಿ, ಯಾವ ಪಟ್ಟಣ ಯಾವ ಕ್ಷೇತ್ರಕ್ಕೆ ಸೇರಿದೆ ಅಂತ ಅದರಲ್ಲಿ ಇರುತ್ತದೆ. ನಮ್ಮ ಕರ್ನಾಟಕದಲ್ಲಿ ಸ್ಥಾನಗಳ ಸಂಖ್ಯೆ 1957 ಮತ್ತು 1962ರಲ್ಲಿ 208 ಇತ್ತು, 1967 ಮತ್ತು 1972ರಲ್ಲಿ 216 ಆಯಿತು, 1978ರಿಂದ 224. ಸಂಖ್ಯೆ ಬದಲಾದ ಕಡೆಯೆಲ್ಲ ಗಡಿಯೂ ಬದಲಾಗಿದೆ ಅಂದುಕೊಳ್ಳಿ. 2008ರಲ್ಲಿ ಸಂಖ್ಯೆ ಬದಲಾಗದೆಯೂ ಗಡಿ ಬದಲಾಯಿತು. ಅಲ್ಲಿಯವರೆಗೆ 1971ರ ಜನಗಣತಿ ಮೇಲೆ ಎಳೆದ ಗೆರೆಗಳೇ ನಡೆಯುತ್ತಿದ್ದವು, 2008ರಲ್ಲಿ 2001ರ ಜನಗಣತಿ ನೋಡಿ ಹೊಸದಾಗಿ ಎಳೆದರು. ಪರಿಶಿಷ್ಟ ಜಾತಿಗೆ 33 ಇದ್ದ ಮೀಸಲು ಸ್ಥಾನ 36 ಆಯಿತು. ಪರಿಶಿಷ್ಟ ಪಂಗಡಕ್ಕೆ ಬರೀ 2 ಇದ್ದದ್ದು 15ಕ್ಕೆ ಏರಿತು, ಇದು ಸಣ್ಣ ಬದಲಾವಣೆ ಅಲ್ಲವೇ ಅಲ್ಲ.

ಇದರ ಪರಿಣಾಮ ನೋಡಬೇಕಾದರೆ ಗುರುಮಠಕಲ್ ನೋಡಿ. ಮಲ್ಲಿಕಾರ್ಜುನ ಖರ್ಗೆ 1972ರಿಂದ 2004ರವರೆಗೆ ಅಲ್ಲಿಂದ ಸತತ ಎಂಟು ಸಲ ಗೆದ್ದವರು. 2008ರಲ್ಲಿ ಅದು ಸಾಮಾನ್ಯ ಕ್ಷೇತ್ರವಾಯಿತು, ಅವರು ಮೀಸಲು ಕ್ಷೇತ್ರವಾದ ಚಿತ್ತಾಪುರಕ್ಕೆ ಹೋಗಿ ಒಂಬತ್ತನೇ ಸಲ ಗೆದ್ದರು. ಸುಮ್ನೆ ಹೆಸರಿನ ಪಟ್ಟಿ ಮಾತ್ರ ನೋಡಿದವರಿಗೆ ಅವರು ಯಾಕೆ ಊರು ಬಿಟ್ಟರು ಅನ್ನೋದು ಗೊತ್ತೇ ಆಗೋದಿಲ್ಲ. ಸಾತನೂರು ಹಾಗೇ. ಡಿ.ಕೆ. ಶಿವಕುಮಾರ್ 1989ರಿಂದ 2004ರವರೆಗೆ ಗೆದ್ದ ಆ ಕ್ಷೇತ್ರ ಈಗ ಪಟ್ಟಿಯಲ್ಲೇ ಇಲ್ಲ, 2008ರಿಂದ ಅವರು ಕನಕಪುರದ ಶಾಸಕರು. ಇನ್ನು ವರುಣಾ 2008ರಲ್ಲೇ ಹುಟ್ಟಿದ ಕ್ಷೇತ್ರ. ಅದರ ಇತಿಹಾಸ ಬರೆಯುವವರು ಅಲ್ಲಿನ ಹಳ್ಳಿಗಳು ಮೊದಲು ಎಲ್ಲೆಲ್ಲಿ ಇದ್ದವು ಅಂತ ಹುಡುಕದೆ ಬೇರೆ ದಾರಿಯಿಲ್ಲ.

1956ಕ್ಕಿಂತ ಹಿಂದೆ ಹೋಗುವಾಗ ಇನ್ನೂ ಹುಷಾರಾಗಿರಿ. 1952ರ ಮೈಸೂರು ವಿಧಾನಸಭೆಯಲ್ಲಿ ಇದ್ದದ್ದು 99 ಸ್ಥಾನ, ಅದೂ ಹಳೇ ಮೈಸೂರಿನ ಜಿಲ್ಲೆಗಳಿಗೆ ಮಾತ್ರ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದವರು ಆ ಸಲ ಮುಂಬಯಿ ವಿಧಾನಸಭೆಗೆ ವೋಟು ಹಾಕಿದ್ದರು. ಕಲಬುರಗಿ, ರಾಯಚೂರು, ಬೀದರ್ ಕಡೆಯವರು ಹೈದರಾಬಾದಿಗೆ. ದಕ್ಷಿಣ ಕನ್ನಡ, ಕೊಳ್ಳೇಗಾಲ, ಬಳ್ಳಾರಿ ಎಲ್ಲ ಮದ್ರಾಸಿಗೆ. ಇದರಲ್ಲಿ ಬಳ್ಳಾರಿ 1953ರಲ್ಲೇ ಮೈಸೂರಿಗೆ ಬಂತು. ಕೊಡಗಿಗಂತೂ ತನ್ನದೇ 24 ಸದಸ್ಯರ ವಿಧಾನಸಭೆ ಇತ್ತು. ಹಾಗಾಗಿ ಹುಬ್ಬಳ್ಳಿಯ ಮೊದಲ ಶಾಸಕರು ಯಾರು ಅಂತ ಮೈಸೂರಿನ ವರದಿಯಲ್ಲಿ ಹುಡುಕಿದರೆ ಸಿಗಲ್ಲ, ಮುಂಬಯಿ ರಾಜ್ಯದ ವರದಿ ತೆಗೆಯಬೇಕು.

1952 ಮತ್ತು 1957ರಲ್ಲಿ ಒಂದೇ ಕ್ಷೇತ್ರದ ಮುಂದೆ ಇಬ್ಬರು ಗೆದ್ದವರು ಕಂಡರೆ ಅದನ್ನು ಅಚ್ಚಿನ ತಪ್ಪು ಅಂತ ಒಬ್ಬರನ್ನು ಅಳಿಸಬೇಡಿ. ಆಗ ದ್ವಿಸದಸ್ಯ ಕ್ಷೇತ್ರಗಳಿದ್ದವು, ಇಬ್ಬರೂ ಶಾಸಕರೇ. 1961ರ ಕಾನೂನಿನಿಂದ ಅವು ಹೋದವು.

ಗಡಿ ಗೊತ್ತಾದ ಮೇಲೆ ಶಾಸಕರ ಪಟ್ಟಿಗೆ ಬನ್ನಿ. ಪ್ರತಿ ಸಾರ್ವತ್ರಿಕ ಚುನಾವಣೆಯ ಅಂಕಿಅಂಶ ವರದಿ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿದೆ. ಗೆದ್ದವರು, ಸೋತವರು, ಪಕ್ಷ, ಮತ ಎಲ್ಲ ಸಿಗುತ್ತದೆ. ಆದರೆ ಅದರಲ್ಲಿ ಉಪಚುನಾವಣೆ ತಪ್ಪಿ ಹೋಗುತ್ತದೆ, ಜಾಸ್ತಿ ಜನ ಎಡವೋದು ಇಲ್ಲೇ. 1962ರಲ್ಲಿ ಎಸ್. ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು. ಅದೇ ವರ್ಷ ಮುಖ್ಯಮಂತ್ರಿಯಾದರು, ಸದನಕ್ಕೆ ಬಂದದ್ದು ಬಾಗಲಕೋಟೆಯಿಂದ. 1983ರ ಸಾರ್ವತ್ರಿಕ ಚುನಾವಣೆ ವರದಿಯಲ್ಲಿ ಕನಕಪುರದ ಮುಂದೆ ಪಿ.ಜಿ.ಆರ್. ಸಿಂಧ್ಯಾ ಹೆಸರಿದೆ, ಆದರೆ ಅವರು ಬಿಟ್ಟುಕೊಟ್ಟ ಜಾಗದಿಂದ ಅದೇ ವರ್ಷ ಗೆದ್ದವರು ರಾಮಕೃಷ್ಣ ಹೆಗಡೆ. ಶಿಕಾರಿಪುರದಲ್ಲೂ ಯಡಿಯೂರಪ್ಪ 2014ರಲ್ಲಿ ಲೋಕಸಭೆಗೆ ಹೋದ ಮೇಲೆ ಉಪಚುನಾವಣೆಯಲ್ಲಿ ಅವರ ಮಗ ರಾಘವೇಂದ್ರ ಗೆದ್ದರು. 2019ರ ಡಿಸೆಂಬರಿನಲ್ಲಿ ಒಟ್ಟಿಗೆ 15 ಕ್ಷೇತ್ರಗಳಿಗೆ ಉಪಚುನಾವಣೆ ಆಯಿತು, ಹಲವು ಕಡೆ ಗೆದ್ದವರು 2018ರಲ್ಲಿ ಗೆದ್ದಿದ್ದ ಅದೇ ವ್ಯಕ್ತಿ, ಪಕ್ಷ ಮಾತ್ರ ಬೇರೆ. ಹೀಗೆ ಒಂದೇ ಅವಧಿಯಲ್ಲಿ ಎರಡು ಸಲ ಗೆದ್ದಿದ್ದರೆ ಎರಡು ಸಾಲು ಬರೆಯಿರಿ, ಒಂದಕ್ಕೇ ಸೇರಿಸಬೇಡಿ. ಯಾಕೆ ಉಪಚುನಾವಣೆ ಬಂತು, ರಾಜೀನಾಮೆಯೋ ನಿಧನವೋ ಅನರ್ಹತೆಯೋ, ಅದೂ ಪಕ್ಕದಲ್ಲಿ ಇರಲಿ.

ಪಕ್ಷದ ಹೆಸರನ್ನು ಆಗ ಇದ್ದ ಹಾಗೇ ಬರೆಯಿರಿ. 1972ರ ಸಂಸ್ಥಾ ಕಾಂಗ್ರೆಸ್ಸನ್ನು (ಕಾಂಗ್ರೆಸ್ ಒಡೆದಾಗ ಇಂದಿರಾ ಗಾಂಧಿಯವರ ಎದುರು ನಿಂತ ಬಣ) ಬರೀ ಕಾಂಗ್ರೆಸ್ ಅಂತ ಬರೆದರೆ ಆ ಚುನಾವಣೆಯ ಜಗಳವೇ ಅಳಿಸಿ ಹೋಗುತ್ತದೆ. 2013ರಲ್ಲಿ ಯಡಿಯೂರಪ್ಪ ಗೆದ್ದದ್ದು ಬಿಜೆಪಿಯಿಂದಲ್ಲ, ಕೆಜೆಪಿಯಿಂದ, ಅಂದರೆ ಕರ್ನಾಟಕ ಜನತಾ ಪಕ್ಷದಿಂದ. ಊರಿನ ಹಿರಿಯರ ಹತ್ತಿರ ಕೇಳುವಾಗ ಇಸವಿ ಕೇಳಬೇಡಿ, ಪಕ್ಷದ ಚುನಾವಣಾ ಗುರುತು ಕೇಳಿ. ಕಾಂಗ್ರೆಸ್ಸಿನ ಜೋಡೆತ್ತಿಗೆ ವೋಟು ಹಾಕಿದ್ದು ಅಂದರೆ 1967 ಅಥವಾ ಅದಕ್ಕೂ ಹಿಂದೆ, ಹಸು ಕರು ಅಂದರೆ ಹೆಚ್ಚಾಗಿ 1972. ಅಜ್ಜ ಅಜ್ಜಿಯರಿಗೆ ಗುರುತು ನೆನಪಿರುವಷ್ಟು ಇಸವಿ ನೆನಪಿರಲ್ಲ. ಅವರು ಹೇಳಿದ್ದನ್ನು ವರದಿ ಜೊತೆ ತಾಳೆ ನೋಡಿ, ತಾಳೆ ಆಗದಿದ್ದರೆ ಅದು ಜನರ ನೆನಪು ಅಂತಲೇ ಬರೆಯಿರಿ.

ಇತ್ತೀಚಿನ ಚುನಾವಣೆಗಳಿಗೆ ಬೂತ್‌ವಾರು ಮತದ ಪಟ್ಟಿ ಸಿಗುತ್ತದೆ, ಅದಕ್ಕೆ ನಮೂನೆ 20 ಅನ್ನುತ್ತಾರೆ. ಅಭ್ಯರ್ಥಿಗಳ ಆಸ್ತಿ, ಪ್ರಕರಣಗಳ ಅಫಿಡವಿಟ್ಟೂ ಸಿಗುತ್ತದೆ. ಆದರೆ ಬೂತಿನ ಲೆಕ್ಕ ಇಟ್ಟುಕೊಂಡು ಯಾವ ಜಾತಿಯವರು ಯಾರಿಗೆ ಹಾಕಿದರು ಅಂತ ಊಹೆ ಬರೆಯಬೇಡಿ. ಆ ಕಾಗದ ಅಷ್ಟು ಹೇಳೋದಿಲ್ಲ.

ಗೆದ್ದ ಮೇಲೆ ಶಾಸಕರು ಏನು ಮಾಡಿದರು ಅನ್ನೋದಕ್ಕೆ ಸದನದ ನಡಾವಳಿ ಓದಿ. ನಿಮ್ಮ ಕೆರೆ, ನಿಮ್ಮ ರಸ್ತೆ ಬಗ್ಗೆ ಅವರು ಕೇಳಿದ ಪ್ರಶ್ನೆ, ಸಚಿವರು ಕೊಟ್ಟ ಉತ್ತರ ಅಲ್ಲಿ ಸಿಗುತ್ತದೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ, ಒಂದು ಸಂಜೆಗೆ ಮುಗಿಯುವಂಥದ್ದಲ್ಲ.

ಎರಡನೇ ಸ್ಥಾನದವರ ಹೆಸರನ್ನೂ ಮತದ ಅಂತರವನ್ನೂ ಬಿಡದೆ ಬರೆಯಿರಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಎದುರು ಎ.ಆರ್. ಕೃಷ್ಣಮೂರ್ತಿ ಸೋತದ್ದು ಬರೀ 1 ಮತದಿಂದ. 2008ಕ್ಕೆ ಆ ಕ್ಷೇತ್ರವೇ ಇರಲಿಲ್ಲ. ಧ್ರುವನಾರಾಯಣ ಆ ಸಲ ಕೊಳ್ಳೇಗಾಲದಿಂದ ಗೆದ್ದರು, ಕೃಷ್ಣಮೂರ್ತಿ ಅದೇ ಕೊಳ್ಳೇಗಾಲದಿಂದ ಗೆದ್ದದ್ದು 2023ರಲ್ಲಿ.