ಕ್ಯಾಸೆಟ್ ಎಸಿ ಹಾಕಿಸುತ್ತೀರಾ? ಮೊದಲು ನೀರು ಹೋಗುವ ದಾರಿ ನೋಡಿ

ಸೀಲಿಂಗ್‌ನಲ್ಲಿ ಕೂರುವ ಕ್ಯಾಸೆಟ್ ಎಸಿ ಕೆಳಗಿನಿಂದ ನೋಡಲು ತುಂಬಾ ಸರಳ. ಚಾವಣಿಯಲ್ಲಿ ಒಂದು ಚೌಕದ ಜಾಲರಿ, ನಾಲ್ಕೂ ಕಡೆಗೆ ತಣ್ಣನೆ ಗಾಳಿ, ಗೋಡೆ ಪೂರ್ತಿ ಖಾಲಿ. ಆದರೆ ನಿಜವಾದ ಕೆಲಸವೆಲ್ಲ ಇರುವುದು ಕಣ್ಣಿಗೆ ಕಾಣದ ಕಡೆ, ಫಾಲ್ಸ್ ಸೀಲಿಂಗ್ ಮೇಲೆ. ಹಾಕಿಸುವವರು ಕೇಳುವುದು ಎಷ್ಟು ಟನ್, ಯಾವ ಗ್ಯಾಸ್, ಕರೆಂಟ್ ಎಷ್ಟು ಎಳೆಯುತ್ತದೆ ಅಂತ. ಅದನ್ನೂ ಕೇಳಬೇಕು, ತಪ್ಪಿಲ್ಲ. ಆದರೆ ಈ ಬಗೆಯ ಎಸಿಯಲ್ಲಿ ಆಮೇಲೆ ಜನರನ್ನು ಕಾಡುವುದು ಹೆಚ್ಚಾಗಿ ನೀರು. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಒಂದೂವರೆ ಟನ್‌ನ ಯೂನಿಟ್ ಗಂಟೆಗೆ ಒಂದು ಲೀಟರ್‌ಗೂ ಮೀರಿ ನೀರು ಇಳಿಸುತ್ತದೆ. ಅದು ನಿಮ್ಮ ತಲೆ ಮೇಲೆ, ಜಿಪ್ಸಮ್ ಬೋರ್ಡಿನ ಹಿಂದೆ ಇರುತ್ತದೆ. ಸೋರಿದರೆ ಬೋರ್ಡ್ ನೆನೆದು ಉಬ್ಬಿದ ಮೇಲೆಯೇ ಗೊತ್ತಾಗುವುದು.

ಯಾರು ಯಾವ ಕೆಲಸ ಮಾಡಬೇಕು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅಳತೆ ಹಾಕುವುದು, ಕೊರೆಯುವುದು, ಯೂನಿಟ್ ತೂಗುಹಾಕುವುದು, ಡ್ರೇನ್ ಪೈಪ್ ಎಳೆಯುವುದು, ಇಷ್ಟನ್ನು ಕೈ ಪಳಗಿದವರು ಒಬ್ಬ ಸಹಾಯಕನನ್ನು ಇಟ್ಟುಕೊಂಡು ಮಾಡಬಹುದು. ಗ್ಯಾಸ್ ಲೈನ್ ಮತ್ತು ವೈರಿಂಗ್ ಮಾತ್ರ ಕಲಿತ ಟೆಕ್ನೀಷಿಯನ್‌ಗೇ ಬಿಡಿ. ಹಲವು ದೇಶಗಳಲ್ಲಿ ಗ್ಯಾಸ್ ಮುಟ್ಟಲು ಪ್ರಮಾಣಪತ್ರವೇ ಬೇಕು. ಹಾಗಿದ್ದರೂ ಆ ಭಾಗವನ್ನೂ ಇಲ್ಲಿ ಬರೆದಿದ್ದೇನೆ, ಯಾಕೆಂದರೆ ಅವರು ಏನು ಮಾಡಬೇಕು ಅಂತ ನಿಮಗೆ ಗೊತ್ತಿದ್ದರೆ ಪಕ್ಕದಲ್ಲಿ ನಿಂತು ಕೇಳಬಹುದು.

ಜಾಗ ಗುರುತು ಮಾಡುವುದು

ಕೋಣೆಯ ನಡುಮಧ್ಯ ಹಾಕಿದರೆ ನಾಲ್ಕೂ ಕಡೆ ಗಾಳಿ ಸಮನಾಗಿ ಹೋಗುತ್ತದೆ, ಆದ್ದರಿಂದ ಮೊದಲು ನೋಡಬೇಕಾದ ಜಾಗ ಅದೇ. ಆದರೆ ಮೇಲೆ ಬೀಮ್ ಇದೆಯೇ, ದೀಪದ ವೈರ್, ಸ್ಪ್ರಿಂಕ್ಲರ್ ಪೈಪ್ ಅಡ್ಡ ಬರುತ್ತವೆಯೇ ಅಂತ ಒಂದು ಟೈಲ್ ತೆಗೆದು ಟಾರ್ಚ್ ಹಾಕಿ ನೋಡಿ. ಯೂನಿಟ್ಟಿನ ಎತ್ತರ ಮಾದರಿಗೆ ತಕ್ಕಂತೆ 250 ರಿಂದ 300 ಮಿ.ಮೀ. ಇರುತ್ತದೆ. ಸ್ಲ್ಯಾಬ್‌ಗೂ ಫಾಲ್ಸ್ ಸೀಲಿಂಗ್‌ಗೂ ನಡುವೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಜಾಗ ಬೇಕು, ಇಲ್ಲದಿದ್ದರೆ ಕೈ ಆಡುವುದಿಲ್ಲ. ಗಾಳಿ ಬೀಸುವ ಕಡೆ ಗೋಡೆಯಿಂದ ಸುಮಾರು ಒಂದೂವರೆ ಮೀಟರ್ ದೂರ ಇರಲಿ. ಚಿಕ್ಕ ಮಾದರಿಗಳು 600 ಕ್ಕೆ 600 ಮಿ.ಮೀ. ಗ್ರಿಡ್ ಸೀಲಿಂಗ್‌ನ ಒಂದು ಚೌಕದಲ್ಲೇ ಕೂರುತ್ತವೆ. ದೊಡ್ಡವಕ್ಕೆ ಬೋರ್ಡ್ ಕತ್ತರಿಸಲೇಬೇಕು.

ಈಗ ಮುಖ್ಯ ಪ್ರಶ್ನೆ. ಇಲ್ಲಿಂದ ನೀರು ಎಲ್ಲಿಗೆ ಹೋಗುತ್ತದೆ? ಹತ್ತಿರದ ಬಚ್ಚಲು, ಬಾಲ್ಕನಿ ಅಥವಾ ಹೊರಗೋಡೆ ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆಯಿರಿ. ಡ್ರೇನ್ ಪೈಪ್‌ಗೆ ಕಡಿಮೆ ಅಂದರೂ ನೂರಕ್ಕೆ ಒಂದರಷ್ಟು ಇಳಿಜಾರು ಬೇಕು, ಅಂದರೆ ಮೀಟರಿಗೆ ಒಂದು ಸೆಂಟಿಮೀಟರ್. ಆರು ಮೀಟರ್ ದೂರ ಇದ್ದರೆ ಆರು ಸೆಂಟಿಮೀಟರ್ ಇಳಿಯಬೇಕು. ಆ ದಾರಿಯಲ್ಲಿ ಬೀಮ್ ಅಡ್ಡ ಬಂದು ಪೈಪ್ ಇಳಿಸಲು ಜಾಗವೇ ಇಲ್ಲ ಅಂದರೆ, ಯೂನಿಟ್ಟನ್ನೇ ಒಂದೆರಡು ಅಡಿ ಆಚೆ ಈಚೆ ಸರಿಸಿ. ನಡುಮಧ್ಯದಿಂದ ಸ್ವಲ್ಪ ಸರಿದರೆ ತಂಪಿಗೆ ಏನೂ ಆಗುವುದಿಲ್ಲ. ಇಳಿಜಾರು ತಪ್ಪಿದ ಪೈಪ್ ಮಾತ್ರ ಎಸಿ ಇರುವವರೆಗೂ ಕಾಡುತ್ತದೆ.

ತೂಗುಹಾಕುವುದು

ಪೆಟ್ಟಿಗೆಯಲ್ಲಿ ಒಂದು ದಪ್ಪ ಕಾಗದದ ನಮೂನೆ ಬಂದಿರುತ್ತದೆ. ಅದನ್ನು ಎಸೆಯಬೇಡಿ. ಬೋರ್ಡ್ ಎಷ್ಟು ಕತ್ತರಿಸಬೇಕು, ನಾಲ್ಕು ರಾಡ್ ಎಲ್ಲಿ ಬರಬೇಕು ಎಲ್ಲಾ ಅದರಲ್ಲೇ ಇದೆ. ಸ್ಲ್ಯಾಬ್‌ನಲ್ಲಿ ನಾಲ್ಕು ತೂತು ಕೊರೆದು ಧೂಳು ಊದಿ ತೆಗೆದು ಆಂಕರ್ ಹಾಕಿ, ಅದಕ್ಕೆ ಥ್ರೆಡ್ ಇರುವ ರಾಡ್ ತಿರುಗಿಸಿ. ಸಾಮಾನ್ಯವಾಗಿ 8 ಅಥವಾ 10 ಮಿ.ಮೀ. ದಪ್ಪದ ರಾಡ್, ಕೈಪಿಡಿಯಲ್ಲಿ ಬರೆದದ್ದನ್ನೇ ಬಳಸಿ. ಫಾಲ್ಸ್ ಸೀಲಿಂಗ್‌ನ ಚೌಕಟ್ಟಿಗೆ ಮಾತ್ರ ಯಾವತ್ತೂ ಭಾರ ಕೊಡಬೇಡಿ, ಯೂನಿಟ್ 20 ರಿಂದ 30 ಕಿಲೋ ತೂಗುತ್ತದೆ, ಫ್ಯಾನ್ ತಿರುಗುವಾಗ ಅದುರುತ್ತಲೂ ಇರುತ್ತದೆ. ಪ್ರತಿ ರಾಡ್‌ಗೂ ಬ್ರಾಕೆಟ್‌ನ ಮೇಲೊಂದು ಕೆಳಗೊಂದು ವಾಷರ್, ಕೆಳಗೆ ಎರಡು ನಟ್. ಎರಡನೇ ನಟ್ ಮೊದಲನೆಯದನ್ನು ಬಿಗಿಹಿಡಿಯುತ್ತದೆ, ಅದಿಲ್ಲದಿದ್ದರೆ ಅದುರಿ ಅದುರಿ ಸಡಿಲವಾಗುತ್ತದೆ.

ಯೂನಿಟ್ ಎತ್ತಲು ಇಬ್ಬರಾದರೂ ಬೇಕು, ಗಟ್ಟಿ ಅಟ್ಟಣಿಗೆ ಮೇಲೆ ನಿಂತು. ಎತ್ತುವಾಗ ಡ್ರೇನ್ ಬಾಯಿಯನ್ನಾಗಲಿ ತಾಮ್ರದ ಪೈಪನ್ನಾಗಲಿ ಹಿಡಿಯಬೇಡಿ, ಮೂಲೆಯ ಬ್ರಾಕೆಟ್ ಹಿಡಿಯಿರಿ.

ಆಮೇಲೆ ಮಟ್ಟ. ಇಲ್ಲಿ ಅವಸರ ಬೇಡ. ಚಿಕ್ಕ ಸ್ಪಿರಿಟ್ ಲೆವೆಲ್ ಒಂದು ಬದಿಗೆ ಇಟ್ಟು ನೋಡಿದರೆ ಸಾಲದು, ಗಾರೆ ಕೆಲಸದವರು ಬಳಸುವ ಟ್ಯೂಬ್ ಲೆವೆಲ್ ತೆಗೆದುಕೊಂಡು ನಾಲ್ಕೂ ಮೂಲೆ ನೋಡಿ, ನಟ್ ತಿರುಗಿಸಿ ಸರಿ ಮಾಡಿ. ಒಳಗಿನ ನೀರಿನ ತಟ್ಟೆಯಲ್ಲಿ ಒಂದು ಚಿಕ್ಕ ಪಂಪ್ ಮತ್ತು ಒಂದು ಫ್ಲೋಟ್ ಸ್ವಿಚ್ ಇರುತ್ತದೆ. ನೀರು ಏರಿದಾಗ ಫ್ಲೋಟ್ ಮೇಲೆದ್ದು ಎಸಿಯನ್ನು ನಿಲ್ಲಿಸಬೇಕು. ಪಂಪ್ ಇರುವ ಮೂಲೆಯೇ ಎತ್ತರವಾಗಿಬಿಟ್ಟರೆ ನೀರೆಲ್ಲ ಎದುರು ಮೂಲೆಗೆ ಹೋಗಿ ನಿಲ್ಲುತ್ತದೆ, ಫ್ಲೋಟ್‌ಗೆ ತಿಳಿಯುವುದೇ ಇಲ್ಲ, ತಟ್ಟೆಯ ಅಂಚು ದಾಟಿ ಕೆಳಗೆ ಬೀಳುತ್ತದೆ. ಪಂಪು, ಸ್ವಿಚ್ಚು ಎರಡೂ ಚೆನ್ನಾಗಿದ್ದೂ ಸೋರುತ್ತಿದೆ ಅಂದರೆ ನಾನು ಮೊದಲು ಅನುಮಾನ ಪಡುವುದು ಇದನ್ನೇ.

ಸೀಲಿಂಗ್ ಕೆಲಸ, ಪೇಂಟಿಂಗ್ ಮುಗಿಯುವವರೆಗೆ ಯೂನಿಟ್‌ಗೆ ಪ್ಲಾಸ್ಟಿಕ್ ಹೊದಿಸಿಡಿ. ಜಿಪ್ಸಮ್ ಧೂಳು ಕಾಯಿಲ್ ಮೇಲೆ ಕೂತು ಆಮೇಲೆ ತೇವಕ್ಕೆ ಗಟ್ಟಿಯಾದರೆ ತೊಳೆಯುವುದು ಬಹಳ ಕಷ್ಟ.

ಡ್ರೇನ್ ಪೈಪ್

ಪಂಪ್ ನೀರನ್ನು ಮೇಲಕ್ಕೆ ಎತ್ತಿ ಕೊಡುತ್ತದೆ, ಬಹಳಷ್ಟು ಮಾದರಿಗಳಲ್ಲಿ ಸುಮಾರು 700 ಮಿ.ಮೀ. ಅಥವಾ ಸ್ವಲ್ಪ ಹೆಚ್ಚು. ನಿಮ್ಮ ಮಾದರಿಯ ಮಿತಿ ಎಷ್ಟು ಅಂತ ಕೈಪಿಡಿಯಲ್ಲಿ ನೋಡಿ. ಮೇಲೇರುವ ಭಾಗ ಯೂನಿಟ್‌ನ ಪಕ್ಕದಲ್ಲೇ ನೆಟ್ಟಗೆ ಏರಬೇಕು. ಅಲ್ಲಿಂದ ಮುಂದೆ ಬರೀ ಇಳಿಯುತ್ತಲೇ ಹೋಗಬೇಕು. ಯಾಕೆ ಅಂದರೆ, ಎಸಿ ಆಫ್ ಆದಾಗ ಪಂಪ್ ನಿಲ್ಲುತ್ತದೆ, ಏರುವ ಪೈಪ್‌ನಲ್ಲಿದ್ದ ನೀರು ವಾಪಸ್ ತಟ್ಟೆಗೇ ಇಳಿಯುತ್ತದೆ. ಪಕ್ಕದಲ್ಲೇ ನೆಟ್ಟಗೆ ಏರಿಸಿದ್ದರೆ ಅದು ಸ್ವಲ್ಪವೇ ನೀರು, ತಟ್ಟೆ ತಾಳುತ್ತದೆ. ಎರಡು ಮೀಟರ್ ಅಡ್ಡ ಹೋಗಿ ಆಮೇಲೆ ಏರಿಸಿದ್ದರೆ ಅಷ್ಟೂ ಉದ್ದದ ನೀರು ಹಿಂದಕ್ಕೆ ಬರುತ್ತದೆ.

ಪಿವಿಸಿ ಪೈಪ್ ಬಿಸಿಲಿಗೆ, ಭಾರಕ್ಕೆ ಜೋಲುತ್ತದೆ. ಜೋತ ಕಡೆ ನೀರು ನಿಲ್ಲುತ್ತದೆ, ಪಾಚಿ ಲೋಳೆ ಕಟ್ಟುತ್ತದೆ, ಒಂದು ದಿನ ಪೂರ್ತಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಮೀಟರಿಗೊಂದು, ಹೆಚ್ಚೆಂದರೆ ಒಂದೂವರೆ ಮೀಟರಿಗೊಂದು ಕ್ಲಾಂಪ್ ಹಾಕಿ. ಈ ಖರ್ಚು ಉಳಿಸಬೇಡಿ. ಎರಡು ಮೂರು ಯೂನಿಟ್‌ಗೆ ಒಂದೇ ದೊಡ್ಡ ಪೈಪ್ ಇದ್ದರೆ ಪ್ರತಿಯೊಂದನ್ನೂ ಆ ಪೈಪ್‌ನ ಮೇಲಿನಿಂದ ಸೇರಿಸಿ, ಪಕ್ಕದಿಂದ ಸೇರಿಸಿದರೆ ಒಂದರ ನೀರು ಇನ್ನೊಂದಕ್ಕೆ ನುಗ್ಗಬಹುದು. ಪೈಪ್‌ನ ಕೊನೆಯನ್ನು ನೇರವಾಗಿ ಚರಂಡಿ ಪೈಪ್‌ಗೆ ಜೋಡಿಸಬೇಡಿ. ಅಲ್ಲಿನ ವಾಸನೆ ಕೋಣೆಗೆ ಬರುತ್ತದೆ, ಆ ಅನಿಲಕ್ಕೆ ಒಳಗಿನ ತಾಮ್ರವೂ ಹಾಳಾಗುತ್ತದೆ. ಹೊರಗೆ ತೆರೆದ ಜಾಗದಲ್ಲಿ ಕಾಣುವ ಹಾಗೆ ಬಿಡಿ.

ಇನ್ನು ಒಂದು ಮಾತು. ಒಳಗೆ ಹರಿಯುವುದು ತಣ್ಣೀರು, ಹಾಗಾಗಿ ಡ್ರೇನ್ ಪೈಪ್ ಕೂಡ ಹೊರಗಿನಿಂದ ಬೆವರುತ್ತದೆ. ಸೀಲಿಂಗ್ ಮೇಲಿರುವ ಅಷ್ಟೂ ಉದ್ದಕ್ಕೆ ಇನ್ಸುಲೇಷನ್ ಬೇಕೇ ಬೇಕು.

ತಾಮ್ರದ ಪೈಪ್ ಮತ್ತು ಗ್ಯಾಸ್

ಇದು ಟೆಕ್ನೀಷಿಯನ್ ಕೆಲಸ. ನೀವು ನೋಡಬೇಕಾದದ್ದು ಇಷ್ಟು. ಪೈಪನ್ನು ಹ್ಯಾಕ್ಸಾ ಬ್ಲೇಡ್‌ನಿಂದಲ್ಲ, ಟ್ಯೂಬ್ ಕಟರ್‌ನಿಂದ ಕತ್ತರಿಸಬೇಕು. ಅಂಚಿನ ಸಿಬಿರು ತೆಗೆಯುವಾಗ ಪೈಪ್ ಬಾಯಿ ಕೆಳಮುಖ ಇರಬೇಕು, ಇಲ್ಲದಿದ್ದರೆ ತಾಮ್ರದ ಚೂರು ಒಳಗೆ ಬಿದ್ದು ಕಂಪ್ರೆಸರ್‌ವರೆಗೆ ಹೋಗುತ್ತದೆ. ಮೊದಲು ನಟ್ ತೂರಿಸಿ ಆಮೇಲೆ ಫ್ಲೇರ್ ಮಾಡಬೇಕು, ಅಂದರೆ ಪೈಪ್ ಬಾಯಿಯನ್ನು ಅಗಲಿಸಬೇಕು. ಬಿಗಿ ಮಾಡುವಾಗ ಎರಡು ಸ್ಪ್ಯಾನರ್, ಅದರಲ್ಲಿ ಒಂದು ಟಾರ್ಕ್ ರೆಂಚ್ ಆಗಿರಲಿ. ಕಾಲು ಇಂಚಿನ ಪೈಪ್‌ಗೆ ಸುಮಾರು 14 ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ 49 ರಿಂದ 61. ಸುಮ್ನೆ ಬಲ ಹಾಕಿ ತಿರುಗಿಸಿದರೆ ಫ್ಲೇರ್ ಬಿರುಕು ಬಿಡುತ್ತದೆ, ಗ್ಯಾಸ್ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಹೋಗುತ್ತಾ ಇರುತ್ತದೆ. ಗ್ಯಾಸ್ ಹೋಗುವ, ಬರುವ ಎರಡೂ ಪೈಪ್‌ಗೆ ಬೇರೆ ಬೇರೆ ಇನ್ಸುಲೇಷನ್ ಬೇಕು, ಎರಡನ್ನೂ ಸೇರಿಸಿ ಒಂದೇ ಕೊಳವೆಯಲ್ಲಿ ತೂರಿಸಬಾರದು.

ಜೋಡಿಸಿದ ಮೇಲೆ ಒಣ ನೈಟ್ರೋಜನ್ ತುಂಬಿ ಒತ್ತಡ ಪರೀಕ್ಷೆ, ಪ್ರತಿ ಜಾಯಿಂಟ್‌ಗೂ ಸೋಪಿನ ನೊರೆ. ಸಮಯ ಇದ್ದರೆ ಒಂದು ದಿನ ಹಾಗೇ ಬಿಟ್ಟು ಗೇಜ್ ಇಳಿದಿದೆಯೇ ನೋಡುವುದು ಒಳ್ಳೆಯದು. ನೈಟ್ರೋಜನ್ ಬದಲು ಆಕ್ಸಿಜನ್ ಬಳಸುವುದು ಪ್ರಾಣಕ್ಕೇ ಅಪಾಯ, ಕಂಪ್ರೆಸರ್ ಎಣ್ಣೆಗೆ ಅದು ತಾಗಿದರೆ ಸ್ಫೋಟವಾಗುತ್ತದೆ. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಪೈಪ್ ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗಿಂತ (ಇಲ್ಲಿ ಇದು ಒತ್ತಡದ ಅಳತೆ) ಕೆಳಗೆ ಇಳಿಸಬೇಕು, ಪಂಪ್ ನಿಲ್ಲಿಸಿದ ಮೇಲೂ ಅದು ನಿಲ್ಲಬೇಕು. ಅಷ್ಟು ಕಡಿಮೆ ಒತ್ತಡದಲ್ಲಿ ಪೈಪ್ ಒಳಗಿನ ತೇವ ಸಾಮಾನ್ಯ ಶಾಖಕ್ಕೇ ಆವಿಯಾಗಿ ಹೊರಬರುತ್ತದೆ. ತೇವ ಒಳಗೆ ಉಳಿದರೆ ಎಣ್ಣೆ ಜತೆ ಸೇರಿ ಆಮ್ಲವಾಗುತ್ತದೆ. ಕೆಲವರು ವ್ಯಾಕ್ಯೂಮ್ ಬಿಟ್ಟು, ಸ್ವಲ್ಪ ಗ್ಯಾಸ್ ಹಾಯಿಸಿ ಗಾಳಿಯನ್ನು ಹೊರಗೆ ತಳ್ಳಿ ಮುಗಿಸುತ್ತಾರೆ. ಇದಕ್ಕೆ ಒಪ್ಪಲೇಬೇಡಿ. ಆರ್-32 ಗ್ಯಾಸ್ ಆದರೆ ಅದು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್ ಕೂಡ, ಕೆಲಸದ ಜಾಗದಲ್ಲಿ ಬೆಂಕಿ ಇರಬಾರದು, ಕಿಟಕಿ ತೆರೆದಿರಬೇಕು.

ಔಟ್‌ಡೋರ್ ಯೂನಿಟ್‌ನಲ್ಲಿ ಮೊದಲೇ ತುಂಬಿರುವ ಗ್ಯಾಸ್ ಇಂತಿಷ್ಟು ಮೀಟರ್ ಪೈಪ್‌ಗೆ ಅಂತ ಲೆಕ್ಕ ಇರುತ್ತದೆ. ಪೈಪ್ ಅದಕ್ಕಿಂತ ಉದ್ದವಾದರೆ ಮೀಟರಿಗೆ ಇಷ್ಟು ಗ್ರಾಂ ಅಂತ ತೂಕದ ಯಂತ್ರದ ಮೇಲೆ ಸಿಲಿಂಡರ್ ಇಟ್ಟು ಸೇರಿಸಬೇಕು, ಅಂದಾಜಿಗೆ ಅಲ್ಲ.

ವೈರಿಂಗ್ ಬಗ್ಗೆ ಚಿಕ್ಕದಾಗಿ: ಎಸಿಗೆ ಪ್ರತ್ಯೇಕ ಲೈನ್, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್, ಔಟ್‌ಡೋರ್ ಹತ್ತಿರ ಒಂದು ಸ್ವಿಚ್. ಒಳಗಿನ ಮತ್ತು ಹೊರಗಿನ ಯೂನಿಟ್ ನಡುವಿನ ಕೇಬಲ್‌ಗೆ ಮಧ್ಯದಲ್ಲಿ ಜಾಯಿಂಟ್ ಬೇಡ, ಸೀಲಿಂಗ್ ಒಳಗೆ ಅದು ಎಲ್ಲಿದೆ ಅಂತ ಆಮೇಲೆ ಹುಡುಕಲಾಗದು.

ಮುಚ್ಚುವ ಮುಂಚೆ ನೀರು ಸುರಿಯಿರಿ

ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಯೂನಿಟ್ ಬದಿಯಲ್ಲಿ ನೀರು ಹಾಕಲು ಒಂದು ಚಿಕ್ಕ ಕಿಂಡಿ ಇರುತ್ತದೆ. ಅದರಿಂದ ಒಂದೆರಡು ಲೀಟರ್ ನೀರನ್ನು ನಿಧಾನವಾಗಿ ಹಾಕಿ, ಎಸಿಯನ್ನು ಕೂಲಿಂಗ್‌ನಲ್ಲಿ ಓಡಿಸಿ. ಪಂಪ್ ಸದ್ದು ಕೇಳಬೇಕು, ಹೊರಗಿನ ಪೈಪ್ ಬಾಯಿಯಲ್ಲಿ ನೀರು ಬರಬೇಕು. ಒಬ್ಬರನ್ನು ಹೊರಗೆ ನಿಲ್ಲಿಸಿ, ಹಾಕಿದಷ್ಟೂ ಬಂತೇ ಅಂತ ಬಕೆಟ್ ಹಿಡಿದು ನೋಡಲಿ. ತಟ್ಟೆಯಲ್ಲಿ ಸ್ವಲ್ಪ ಉಳಿಯಬಹುದು, ಆದರೆ ತೀರಾ ಕಡಿಮೆ ಬಂದರೆ ಉಳಿದದ್ದು ಎಲ್ಲೋ ಸೋರಿರಬಹುದು, ಇಲ್ಲವೇ ಪೈಪ್ ಜೋತ ಕಡೆ ನಿಂತಿರಬಹುದು. ಆಮೇಲೆ ಎಸಿ ಆಫ್ ಮಾಡಿ, ನೀರು ಹಿಂದಕ್ಕೆ ಇಳಿದು ತಟ್ಟೆ ತುಂಬುತ್ತದೆಯೇ ನೋಡಿ. ಪ್ರತಿ ಜಾಯಿಂಟ್‌ಗೂ ಒಣ ಟಿಶ್ಯೂ ಒತ್ತಿ ನೋಡಿ, ಕೈಗೆ ತಿಳಿಯದ ತೇವ ಕಾಗದಕ್ಕೆ ತಿಳಿಯುತ್ತದೆ. ಎಲ್ಲಾ ಸರಿ ಇದ್ದರೆ ಮಾತ್ರ ಜಾಯಿಂಟ್‌ಗಳ ಮೇಲೆ ಇನ್ಸುಲೇಷನ್ ಸುತ್ತಿ. ಕೆಲಸದವರು ಮೊದಲೇ ಸುತ್ತಿಟ್ಟಿದ್ದರೆ ಬಿಚ್ಚಿಸಿ ನೋಡಿ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಸೀಲಿಂಗ್ ಮುಚ್ಚುವ ಮುಂಚೆ ಎರಡು ಕೆಲಸ ಇದೆ. ಪೈಪ್, ಕೇಬಲ್ ಎಲ್ಲ ಕಾಣುವ ಹಾಗೆ ಟೇಪ್ ಅಳತೆ ಇಟ್ಟು ಫೋಟೋ ತೆಗೆದುಕೊಳ್ಳಿ. ಜಿಪ್ಸಮ್ ಸೀಲಿಂಗ್ ಆದರೆ ಡ್ರೇನ್ ಪಂಪ್ ಮತ್ತು ವೈರ್ ಪೆಟ್ಟಿಗೆ ಇರುವ ಮೂಲೆಯ ಹತ್ತಿರ ಸುಮಾರು 450 ಮಿ.ಮೀ. ಚೌಕದ ಸರ್ವಿಸ್ ಬಾಗಿಲು ಮಾಡಿಸಿ. ಅಂದ ಕೆಡುತ್ತದೆ ಅಂತ ಬೇಡ ಅನ್ನುವವರು ಜಾಸ್ತಿ. ಪಂಪ್ ಕೆಟ್ಟ ದಿನ ಸೀಲಿಂಗ್ ಒಡೆಯಬೇಕಾಗುತ್ತದೆ, ಅದನ್ನು ಯೋಚಿಸಿ.

ಪ್ಯಾನೆಲ್ ಮತ್ತು ಕೊನೆಯ ಪರೀಕ್ಷೆ

ಪ್ಯಾನೆಲ್‌ಗೆ, ಅಂದರೆ ಕೆಳಗಿನಿಂದ ಕಾಣುವ ಜಾಲರಿಯ ಚೌಕಟ್ಟಿಗೆ, ದಿಕ್ಕು ಇದೆ. ಪೈಪ್ ಇರುವ ಮೂಲೆಯ ಗುರುತು ಯೂನಿಟ್‌ನ ಗುರುತಿಗೆ ಸೇರಬೇಕು, ರೆಕ್ಕೆ ತಿರುಗಿಸುವ ಮೋಟಾರಿನ ವೈರ್ ಜೋಡಿಸಬೇಕು. ನಾಲ್ಕು ಸ್ಕ್ರೂಗಳನ್ನು ಒಂದಾದ ಮೇಲೆ ಒಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪ್ಯಾನೆಲ್‌ಗೂ ಸೀಲಿಂಗ್‌ಗೂ ನಡುವೆ ಸಂದಿ ಉಳಿದರೆ ತಣ್ಣನೆ ಗಾಳಿ ಅಲ್ಲಿ ಸೋರಿ ಅಂಚಿನಲ್ಲಿ ನೀರಹನಿ ಕಟ್ಟುತ್ತದೆ, ಜನ ಡ್ರೇನ್ ಸೋರುತ್ತಿದೆ ಅಂದುಕೊಳ್ಳುತ್ತಾರೆ. ಸಂದಿ ಇದ್ದರೆ ಮೂಲೆಯ ಕಿಂಡಿಯಿಂದ ಸ್ಪ್ಯಾನರ್ ಹಾಕಿ ಯೂನಿಟ್‌ನ ಎತ್ತರವನ್ನೇ ಸರಿ ಮಾಡಿ, ಸಿಲಿಕೋನ್ ಬಳಿದು ಮುಚ್ಚಬೇಡಿ. ಎತ್ತರ ಮುಟ್ಟಿದ ಮೇಲೆ ಮಟ್ಟ ಮತ್ತೊಮ್ಮೆ ನೋಡಿ.

ಹೊರಗಿನ ಯೂನಿಟ್ ಗಟ್ಟಿ ಸ್ಟ್ಯಾಂಡ್ ಮೇಲೆ ರಬ್ಬರ್ ಪ್ಯಾಡ್ ಇಟ್ಟು ಕೂರಿಸಿದ್ದು, ಅದರ ಬಿಸಿಗಾಳಿ ಎದುರಿನ ಗೋಡೆಗೆ ಬಡಿದು ವಾಪಸ್ ಬರದಂತೆ ಇದ್ದರೆ ಸಾಕು. ಈಗ ಇಪ್ಪತ್ತು ನಿಮಿಷ ಓಡಿಸಿ. ನಡುವೆ ಒಳಗೆ ಹೋಗುವ ಗಾಳಿ ಮತ್ತು ಬದಿಯಿಂದ ಹೊರಬರುವ ಗಾಳಿ ಎರಡರ ಶಾಖ ಅಳೆಯಿರಿ, ವ್ಯತ್ಯಾಸ ಸುಮಾರು 8 ರಿಂದ 12 ಡಿಗ್ರಿ ಇದ್ದರೆ ಸರಿಯಾಗಿದೆ. ಸೀಲಿಂಗ್ ಮೂರು ಮೀಟರ್‌ಗಿಂತ ಎತ್ತರ ಇದ್ದರೆ ಎತ್ತರದ ಕೋಣೆಗೆ ಬೇರೆ ಸೆಟ್ಟಿಂಗ್ ಇದೆಯೇ ಅಂತ ಟೆಕ್ನೀಷಿಯನ್‌ನ ಕೇಳಿ, ಬಹಳಷ್ಟು ಮಾದರಿಗಳಲ್ಲಿ ಇರುತ್ತದೆ, ಹಾಕದಿದ್ದರೆ ತಂಪು ಕೆಳಗಿನವರೆಗೆ ಇಳಿಯುವುದಿಲ್ಲ.

ಅವರು ಹೊರಡುವ ಮುಂಚೆ ಜಾಲರಿ ಇಳಿಸಿ ಫಿಲ್ಟರ್ ತೆಗೆಯುವುದನ್ನು ನಿಮ್ಮ ಕೈಯಿಂದಲೇ ಒಮ್ಮೆ ಮಾಡಿ ನೋಡಿ. ಧೂಳು ಎಷ್ಟು ಅನ್ನುವುದರ ಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಅದನ್ನು ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಬೇಕು. ಸೇರಿಸಿದ ಗ್ಯಾಸ್ ಎಷ್ಟು ಗ್ರಾಂ, ಪೈಪ್ ಎಷ್ಟು ಮೀಟರ್ ಅಂತ ಅವರಿಂದಲೇ ಬರೆಸಿಕೊಂಡು ಔಟ್‌ಡೋರ್ ಯೂನಿಟ್‌ನ ಮುಚ್ಚಳದ ಒಳಗೆ ಅಂಟಿಸಿ. ಮುಂದೆ ಸರ್ವಿಸ್‌ಗೆ ಯಾರೇ ಬಂದರೂ ಮೊದಲು ಕೇಳುವುದು ಈ ಎರಡು ಲೆಕ್ಕ.