ಗೌನಿನ ಆಕಾರಕ್ಕೆ ಮೊದಲು ಸೊಂಟದ ಎತ್ತರ

ಮಂಗಳೂರಿನಲ್ಲಿ ಚರ್ಚ್ ಮದುವೆಗಳಿಗೆ ಬಿಳಿ ಗೌನ್ ಹೊಲಿಯುವುದು ನನ್ನ ಕೆಲಸ. ಅಳತೆ ಕೊಡಲು ಬರುವ ಹುಡುಗಿಯರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, "ನಾನು ದಪ್ಪ ಅಲ್ವಾ ಆಂಟಿ, ಇದು ನನಗೆ ಒಪ್ಪುತ್ತದಾ?" ಎಂದು ಕೇಳುತ್ತಾರೆ. ದಪ್ಪ, ತೆಳ್ಳಗೆ ಎಂಬುದರಿಂದ ಗೌನಿನ ಆಕಾರ ತೀರ್ಮಾನವಾಗುವುದು ಕಡಿಮೆ. ಸೊಂಟ ಯಾವ ಎತ್ತರದಲ್ಲಿದೆ, ಭುಜದ ಅಗಲಕ್ಕೂ ಹಿಪ್‌ನ ಅಗಲಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಬೆರಳಗಲದ ಇಲಾಸ್ಟಿಕ್ ಪಟ್ಟಿಯೊಂದನ್ನು ನಡುವಿಗೆ ಕಟ್ಟಿ, ಎಡಕ್ಕೂ ಬಲಕ್ಕೂ ಬಾಗಲು ಹೇಳುತ್ತೇನೆ. ಬಾಗುವಾಗ ಪಟ್ಟಿ ತಾನಾಗಿ ಜಾರಿ ಹೋಗಿ ನಿಲ್ಲುವ ಮಡಿಕೆಯೇ ನಿಜವಾದ ಸೊಂಟ. ಜೀನ್ಸ್ ನಿಲ್ಲುವ ಜಾಗ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ. ಕತ್ತಿನ ಹಿಂದಿನ ಮೂಳೆಯಿಂದ ಪಟ್ಟಿಯವರೆಗೆ ಒಂದು ಅಳತೆ, ಪಟ್ಟಿಯಿಂದ ನೆಲದವರೆಗೆ ಇನ್ನೊಂದು ಅಳತೆ ತೆಗೆಯುತ್ತೇನೆ. ಎರಡನೆಯದಕ್ಕೆ ಮದುವೆಯ ದಿನದ ಹೀಲ್ಸನ್ನೇ ಹಾಕಿಕೊಂಡು ನಿಲ್ಲಬೇಕು.

ಮೇಲಿನ ಭಾಗ ಗಿಡ್ಡವಾಗಿರುವವರಿಗೆ ಸರಿಯಾಗಿ ಸೊಂಟದಲ್ಲೇ ಅಡ್ಡ ಹೊಲಿಗೆ ಹಾಕಿ ಕೆಳಗೆ ದೊಡ್ಡ ಘೇರು ಬಿಟ್ಟರೆ ಎದೆಯಿಂದ ನೇರ ಲಂಗವೇ ಶುರುವಾದಂತೆ ಕಾಣುತ್ತದೆ. ಅವರಿಗೆ ಮುಂಭಾಗದಲ್ಲಿ 'ವಿ' ಆಕಾರದಲ್ಲಿ ಇಳಿಯುವ ಸೊಂಟರೇಖೆ ಚೆನ್ನಾಗಿ ಹೊಂದುತ್ತದೆ. ಮೇಲ್ಭಾಗ ಉದ್ದ, ಕಾಲು ಗಿಡ್ಡ ಇದ್ದವರಿಗೆ ಎದೆಯ ಕೆಳಗೇ ಹೊಲಿಗೆ ಬರುವ ಎಂಪೈರ್ ಆಕಾರ ಒಳ್ಳೆಯದು, ಆದರೆ ಎದೆ ತುಂಬಿಕೊಂಡಿರುವವರಿಗೆ ಅದೇ ಆಕಾರದಲ್ಲಿ ಬಟ್ಟೆ ಎದೆಯಿಂದ ಸೀದಾ ಇಳಿದು ಹೊಟ್ಟೆ ಇದ್ದಂತೆ ಕಾಣುವುದರಿಂದ ನಾನು ಒಪ್ಪುವುದಿಲ್ಲ. ಹಿಪ್ ಅಗಲವಾಗಿದ್ದರೆ ಎ-ಲೈನ್, ಅಂದರೆ ಇಂಗ್ಲಿಷಿನ 'A' ಅಕ್ಷರದಂತೆ ಕೆಳಕ್ಕೆ ಹೋದಂತೆ ಅಗಲವಾಗುವ ಆಕಾರ. 1955ರಲ್ಲಿ ಫ್ರಾನ್ಸಿನ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಈ ಹೆಸರಿನ ಉಡುಪುಗಳನ್ನು ತಂದ ಮೇಲೆ ಎಷ್ಟೋ ಫ್ಯಾಶನ್‌ಗಳು ಬಂದು ಹೋದರೂ ಇದು ಉಳಿದಿರುವುದು ಹಿಪ್‌ಗೆ ಅಂಟದೆ ಜಾರಿ ಇಳಿಯುವ ಗುಣದಿಂದ. ನಮ್ಮ ಚರ್ಚ್‌ಗಳಲ್ಲಿ ಹೇಗೂ ಭುಜ ಮುಚ್ಚಿರಬೇಕೆಂದು ಬಯಸುತ್ತಾರಾದ್ದರಿಂದ ಲೇಸ್ ತೋಳು, ಭುಜದಿಂದ ಭುಜಕ್ಕೆ ಅಗಲವಾಗಿ ಹೋಗುವ ಬೋಟ್ ನೆಕ್ ಇಡುತ್ತೇನೆ. ಭುಜ ಅಗಲವಾಗಿ ಕಂಡು ಹಿಪ್‌ಗೆ ಸಮನಾಗುತ್ತದೆ. ಭುಜವೇ ಅಗಲವಾಗಿದ್ದವರಿಗೆ ಇದರ ತದ್ವಿರುದ್ಧ: ಇಳಿದ ವಿ-ನೆಕ್, ಕೆಳಗೆ ಘೇರು.

ತಕರಾರು ಹೆಚ್ಚು ಬರುವುದು ಮರ್ಮೇಡ್ ಗೌನಿನಲ್ಲಿ. ಮೊಣಕಾಲಿನವರೆಗೆ ಮೈಗಂಟಿ ಅಲ್ಲಿಂದ ಅರಳುವ ಈ ಆಕಾರ ಫೋಟೊದಲ್ಲಿ ಸುಂದರವೇ, ಆದರೆ ಪೂಜೆಯ ಹೊತ್ತಿಗೆ ಮದುಮಗಳು ಮೊಣಕಾಲೂರಬೇಕು, ಸಂಜೆ ಹಾಲ್‌ನಲ್ಲಿ ಕುಣಿಯಬೇಕು. ಹಾಗಾಗಿ ಬೆಲೆಬಾಳುವ ಸ್ಯಾಟಿನ್‌ಗೆ ಕತ್ತರಿ ಹಾಕುವ ಮೊದಲು ಕೋರಾ ಬಟ್ಟೆಯಲ್ಲಿ ಒಂದು ಮಾದರಿಯನ್ನು ಕಚ್ಚಾ ಹೊಲಿಗೆ ಹಾಕಿ ತೊಡಿಸಿ, ನೆಲದ ಮೇಲೆ ಮೊಣಕಾಲೂರಿಸಿ, ಕುರ್ಚಿಯಲ್ಲಿ ಕೂರಿಸಿ, ಕೈ ಮೇಲೆತ್ತಿಸಿ ನೋಡುತ್ತೇನೆ. ಮೊಣಕಾಲೂರುವಾಗ ತೊಡೆಯ ಬಳಿ ಅಡ್ಡ ಗೆರೆಗಳು ಬಿಗಿದು ನಿಂತರೆ ಅರಳುವ ಜಾಗವನ್ನು ಮೊಣಕಾಲಿಗಿಂತ ಒಂದು ಗೇಣು ಮೇಲಕ್ಕೆ ಏರಿಸುತ್ತೇನೆ. ಹಿಪ್‌ನ ಆಕಾರ ಆಗಲೂ ಉಳಿಯುತ್ತದೆ, ಏಳಲು ಯಾರೂ ಕೈ ಹಿಡಿಯಬೇಕಾಗುವುದಿಲ್ಲ. ತಾಯಂದಿರು ಮಾತ್ರ ಯಾವ ಆಕಾರಕ್ಕೂ ಒಳಗೆ ಇನ್ನೊಂದು ಪದರ ಕ್ಯಾನ್‌ಕ್ಯಾನ್ (ಲಂಗ ಉಬ್ಬಿ ನಿಲ್ಲಲು ಹಾಕುವ ಗಡಸು ನೆಟ್ ಬಟ್ಟೆ) ಸೇರಿಸಲು ಹೇಳದೆ ಬಿಡುವುದಿಲ್ಲ!

ಈಸ್ಟರ್ ಕಳೆದ ಮೇಲೆ, ಗಲ್ಫ್‌ನವರು ರಜೆಯಲ್ಲಿ ಬರುವ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಮದುವೆಗಳು ಬಹಳ. ಕರಾವಳಿಯ ಆ ಸೆಕೆಯಲ್ಲಿ ಪಾಲಿಯೆಸ್ಟರ್ ಲೈನಿಂಗ್ ಬೆವರಿಗೆ ಅಂಟಿಕೊಂಡು, ಎಷ್ಟು ಎಚ್ಚರದಿಂದ ಆರಿಸಿದ ಆಕಾರವನ್ನೂ ಮುದುಡಿಸುತ್ತದೆ. ಆದ್ದರಿಂದ ಮೇಲ್ಭಾಗದ ಒಳಗೆ ತೆಳುವಾದ ಹತ್ತಿ ಬಟ್ಟೆಯನ್ನೇ ಕೊಡುತ್ತೇನೆ. ಮದುವೆ ಹತ್ತಿರವಾದಂತೆ ಹುಡುಗಿಯರು ಓಡಾಟದಲ್ಲಿ ಇಳಿದುಹೋಗುವುದು ಸಾಮಾನ್ಯ. ಎರಡೂ ಬದಿಯ ಹೊಲಿಗೆಗಳನ್ನು ಕೊನೆಯ ವಾರದ ಟ್ರಯಲ್ ಆಗುವವರೆಗೆ ನಾನು ಪಕ್ಕಾ ಮಾಡುವುದಿಲ್ಲ, ಒಳಗೆ ಒಂದಿಂಚು ಬಟ್ಟೆಯನ್ನೂ ಬಿಟ್ಟಿರುತ್ತೇನೆ.